ಇಳಿತಕ್ಕೆ ನೇತುಬಿದ್ದ ದೋಣಿ

ದೋಣಿಯ ಒಂದು ಮಗ್ಗುಲು ನೀರಿನಲ್ಲಿತ್ತು, ಇನ್ನೊಂದು ಮಗ್ಗುಲು ಗಾಳಿಯಲ್ಲಿ.

ಊಟದ ಡಬ್ಬಿ ಹಿಡಿದು ಶೆಡ್ಡಿನಿಂದ ಹೊರಬಂದವಳು ಕಲ್ಲುಕಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಳು. ಸಮುದ್ರ ಇಳಿತಕ್ಕೆ ಸರಿದು ಆಳುದ್ದ ಕೆಳಗೆ ಹೋಗಿತ್ತು. ಅದರ ಜೊತೆ ಇಳಿಯಬೇಕಿದ್ದ ಅವಳ ದೋಣಿ ಮುಂದೊಂದು, ಹಿಂದೊಂದು ಹಗ್ಗದಲ್ಲಿ ಕಟ್ಟೆಗೆ ನೇತುಬಿದ್ದಿತ್ತು. ನಡುವಿನ ಹಗ್ಗ ಸುತ್ತಲು ದೋಣಿಯ ಅಂಚಿಗೆ ಕೂರಿಸಿದ್ದ ಸ್ಟೀಲ್ ಕೊಂಬು ಹಲಗೆಯ ಚೂರನ್ನೂ ಕಚ್ಚಿಕೊಂಡು ಕಿತ್ತುಬಂದಿತ್ತು.

“ಯಾರದು ನನ್ನ ಹಗ್ಗ ಮುಟ್ಟಿದ್ದು?”

ಹಾಯಿ ಹೊಲಿಯುವ ಅವಳಿಗೆ, ದೋಣಿಗಳನ್ನು ಕಟ್ಟಿಡುವ ಆ ಮರೀನಾದಲ್ಲಿ ‘ಮೆಣಸಿನಕಾಯಿ’ ಎಂದು ಹೆಸರು, ಅದೂ ಬೆನ್ನ ಹಿಂದೆ ಮಾತ್ರ. ಬೆಳಗಾಗುವ ಮೊದಲೇ ಎಂಜಿನ್ ಚಾಲೂ ಮಾಡಬಾರದು, ನೀರಿನ ಪೈಪನ್ನು ಓಡಾಡುವ ದಾರಿಗೆ ಅಡ್ಡ ಹಾಕಬಾರದು, ಒಳಗೆ ಬರುವಾಗ ಜೋರಾಗಿ ಬಂದು ಪಕ್ಕದವರ ಲೋಟ ತಟ್ಟೆ ಉರುಳಿಸಬಾರದು. ಇಂಥವಕ್ಕೆಲ್ಲ ಅವಳ ನಾಲಿಗೆಯೇ ಸಾಕಾಗಿತ್ತು. ಪೈಪ್ ಅಡ್ಡ ಬಿಟ್ಟ ದೊಡ್ಡ ಲಾಯರಿಗೇ ನೀರು ಕುಡಿಸಿದವಳು ಅವಳು. ಆದರೆ ಇನ್ನೊಬ್ಬರ ಹಗ್ಗವನ್ನು ಕೇಳದೆ ಮುಟ್ಟಿದವನಿಗೆ ಬೈಗುಳವಲ್ಲ, ಗೇಟೇ ಗತಿ. ಅವತ್ತೇ ಸಂಜೆಯೊಳಗೆ ದೋಣಿಯನ್ನು ಲಾರಿಗೆ ಹೇರಿಕೊಂಡು ಹೊರಡಬೇಕು. ಆ ನಿಯಮವನ್ನು ಜಗಳವಾಡಿ ಬರೆಸಿದವಳೂ ಅವಳೇ.

ತಕ್ಷಣ ಮ್ಯಾನೇಜರಿಗೆ ಫೋನ್ ಮಾಡಿದಳು. ಮ್ಯಾನೇಜರ್ ಎಂದರೆ ಅವಳ ದೊಡ್ಡಪ್ಪ.

“ದೊಡ್ಡಪ್ಪಾ, ಎಲ್ಲಿದ್ರೂ ಬನ್ನಿ. ಯಾರೋ ನನ್ನ ಹಗ್ಗ ಮುಟ್ಟಿದಾರೆ. ಇವತ್ತು ಒಬ್ರನ್ನ ಲಾರಿ ಹತ್ತಿಸಲೇಬೇಕು.”

ಫೋನ್ ಇಟ್ಟು ತಿರುಗಿದರೆ ಎದುರಿನ ಸಾಲಿನಿಂದ ಮೆಕ್ಯಾನಿಕ್ ಓಡಿಬರುತ್ತಿದ್ದ. ತಿಂಗಳ ಹಿಂದೆ ಎಲ್ಲೋ ಒಳನಾಡಿನ ಕೆರೆಯಿಂದ ತನ್ನ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದವನು. ಆ ದೋಣಿಯೇ ಅವನ ಮನೆ, ಅದೇ ಅವನ ವರ್ಕ್‌ಶಾಪು.

“ನಾನೇ ರೀ,” ಎಂದ ಏದುಸಿರು ಬಿಡುತ್ತಾ. “ಬೆಳಿಗ್ಗೆ ನೋಡ್ದೆ, ನಿಮ್ಮ ಹಗ್ಗ ಎಲ್ಲಾ ಸಡಿಲ ಆಗಿತ್ತು. ಬಿಗಿಯಾಗಿ ಕಟ್ಟಿದೆ.”

“ಸಡಿಲ ಆಗಿರ್ಲಿಲ್ಲ, ಸಡಿಲ ಬಿಟ್ಟಿದ್ದೆ! ಇದನ್ನೇನು ನಿಮ್ಮ ಕೆರೆ ಅಂದ್ಕೊಂಡ್ರಾ? ಇಲ್ಲಿ ನೀರು ಏರತ್ತೆ, ಇಳಿಯತ್ತೆ. ಹಗ್ಗದಲ್ಲಿ ಉದ್ದ ಇಲ್ದಿದ್ರೆ ದೋಣಿ ಎಲ್ಲಿಗಿಳಿಬೇಕು, ನಿಮ್ಮ ತಲೆ ಮೇಲಾ?”

ಅವನು ತನ್ನ ದೋಣಿಯತ್ತ ನೋಡಿದ. ಅದು ತೇಲುವ ಕಟ್ಟೆಗೆ ಕಟ್ಟಿದ ದೋಣಿ. ಕಟ್ಟೆಯೂ ನೀರಿನ ಜೊತೆಯೇ ಏರಿ ಇಳಿಯುವುದರಿಂದ ಅಲ್ಲಿ ಹಗ್ಗ ಎಷ್ಟು ಬಿಗಿಯಿದ್ದರೂ ನಡೆಯುತ್ತಿತ್ತು. ಇವಳದು ಕದಲದ ಕಲ್ಲುಕಟ್ಟೆ. ತಾನು ಏನು ಮಾಡಿದ್ದೇನೆಂದು ಹೊಳೆದಾಗ ಅವನ ಮುಖ ಬಿಳಿಚಿಕೊಂಡಿತು. ಸೊಂಟದಿಂದ ಚಾಕು ತೆಗೆದ.

“ಕೊಯ್ದುಬಿಡ್ಲಾ?”

“ಕೊಯ್ರಿ! ದಡಾರ್ ಅಂತ ಬಿದ್ದು ಉಳಿದದ್ದೂ ಒಡೆದುಹೋಗ್ಲಿ. ಪುಣ್ಯ ಕಟ್ಕೊಳ್ಳಿ.”

ದೋಣಿಯ ಭಾರ ಹೊತ್ತ ಗಂಟು ಬಿಚ್ಚುವಂತಿರಲಿಲ್ಲ. ನೀರು ಏರಿ ಹಗ್ಗ ಹಗುರಾಗುವವರೆಗೆ ಕಾಯಬೇಕು. ಆಮೇಲೆ ಎರಡೂ ತುದಿಯಲ್ಲಿ ಇಬ್ಬರು ಕೂತು ಒಟ್ಟಿಗೇ ಬಿಡಬೇಕು. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಅವಳು ಕರೆಯಲಿಲ್ಲ. ಯಾಕೆ ಎಂದು ಕೇಳಿದ್ದರೆ ಅದಕ್ಕೂ ಜಗಳ ತೆಗೆಯುತ್ತಿದ್ದಳು.

ಅವನು ಹಿಂದಿನ ಹಗ್ಗದ ಬಳಿ ಕುಳಿತ, ಅವಳು ಮುಂದಿನದರ ಬಳಿ. ಊಟದ ಡಬ್ಬಿ ಮುಚ್ಚಿಕೊಂಡೇ ಇತ್ತು.

“ಕೇಳ್ಬಾರ್ದಿತ್ತಾ? ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಕೇಳೋಕೇ ಶೆಡ್ ಹತ್ರ ಬಂದೆ. ನೀವು ಬಾಯಲ್ಲಿ ದಾರ ಕಚ್ಕೊಂಡು ಹೊಲೀತಾ ಇದ್ರಿ. ನೋಡ್ತಾ ನಿಂತೆ. ಆಮೇಲೆ ಏನು ಕೇಳೋಕೆ ಬಂದಿದ್ದೆ ಅನ್ನೋದೇ ಮರೆತುಹೋಯ್ತು.”

ಅವಳ ಕಿವಿ ಬಿಸಿಯಾಯಿತು. ದೋಣಿ ಮುರಿದುಕೊಂಡು ಕುಳಿತವಳಿಗೆ ಇಂಥ ಮಾತು ಹಿತವಾಗಬಾರದು. ಹಿತವಾಯಿತು. ಅದಕ್ಕೆ ಕೋಪ ಇನ್ನಷ್ಟು ಏರಿತು.

“ಮರೆತವರು ಮನೆಗೆ ಹೋಗ್ಬೇಕಿತ್ತು!”

“ನಿಮಗೆ ಏನಾದ್ರೂ ಒಂದು ಕೆಲಸ ಮಾಡಿಕೊಡೋಣ ಅನ್ನಿಸ್ತು.”

“ಮಾಡಿಕೊಟ್ರಲ್ಲ, ಕಣ್ತುಂಬ ನೋಡಿ!”

ಅವನು ನಿಜವಾಗಿಯೂ ನೋಡಿದ, ದೋಣಿಯನ್ನಲ್ಲ. ಅವಳು ಥಟ್ಟನೆ ಮುಖ ತಿರುಗಿಸಿದಳು. ತಿಂಗಳಿಂದ ಇದೇ ಕಥೆ. ಅವಳು ಮೆಷಿನ್ ಮುಂದೆ ಕೂತಿರುವಾಗ ಅವನು ಎಂಜಿನ್ ಪರೀಕ್ಷೆ ಮಾಡುತ್ತಿರಲಿಲ್ಲ. ಅವಳು ಊಟಕ್ಕೆ ಎದ್ದ ಮೇಲೆಯೇ ಸದ್ದು ಶುರು. ಅವಳ ಶೆಡ್ ದಾಟುವ ಮುಂಚೆ ಕೈಯ ಗ್ರೀಸನ್ನು ಸೋಪು ಹಾಕಿ ತೊಳೆಯುತ್ತಿದ್ದ. “ನಮಸ್ಕಾರ” ಎನ್ನುತ್ತಿದ್ದ, ಹೋಗುತ್ತಿದ್ದ. ಮುಂದೆ ಒಂದು ಮಾತಿಲ್ಲ. ಹೊಸ ಬಟ್ಟೆ ಹಾಕಿಕೊಂಡು ಹಾಯಿ ಹೊಲಿಯಲು ಕುಳಿತದ್ದೆಲ್ಲ ದಂಡ.

“ಲಾರಿ ನಾನೇ ಕರೆಸ್ತೀನಿ,” ಎಂದ ಅವನು. “ನಿಯಮ ಗೊತ್ತು. ಕೊಂಬು ಕೂರಿಸಿಕೊಟ್ಟು ಹೊರಡ್ತೀನಿ. ಬೇರೆ ಮರೀನಾ ಹತ್ರದಲ್ಲಿ ಇಲ್ಲ, ಕೆರೆಗೇ ವಾಪಸ್.”

ಫೋನ್ ಮಾಡಿದ ಕೈಯನ್ನೇ ಕಡಿದುಕೊಳ್ಳಬೇಕೆಂದು ಅವಳಿಗೆ ಅನಿಸಿತು. ಅವನು ಹೋಗಬಾರದು. ಇಷ್ಟು ಸಿಟ್ಟಿನಲ್ಲೂ ಅವಳಿಗೆ ಬೇಕಾಗಿದ್ದುದು ಅದೊಂದೇ.

“ಹೋಗ್ತಾರಂತೆ! ಕೆಡಿಸೋದು, ಆಮೇಲೆ ಹೋಗೋದು!” ಎಂದು ಸಮುದ್ರಕ್ಕೆ ಹೇಳಿದಳು.

ಮಧ್ಯಾಹ್ನ ಕಳೆಯುತ್ತಾ ನೀರು ಏರಿತು. ಹಗ್ಗ ಸಡಿಲವಾದಾಗ ಇಬ್ಬರೂ ಮಂಡಿಯೂರಿದರು. “ಬಿಡಿ... ಸಾಕು. ಇನ್ನೊಂದ್ ಚೂರು. ಎಳೀಬೇಡ್ರೀ, ಬಿಡಿ!” ಅವಳು ಬೈಯುತ್ತಾ ಹೋದಳು, ಅವಳು ಹೇಳಿದಂತೆ ಅವನು ಮಾಡುತ್ತಾ ಹೋದ. ದೋಣಿ ನೆಟ್ಟಗಾಗಿ ನೀರಿನ ಮೇಲೆ ಕುಳಿತಿತು.

ಅಷ್ಟರಲ್ಲಿ ಪೇಟೆಗೆ ಹೋಗಿದ್ದ ದೊಡ್ಡಪ್ಪ ಬಂದರು. ಕಿತ್ತ ಕೊಂಬನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ಯಾರು ಕಟ್ಟಿದ್ದು?”

“ನಾನೇ,” ಎಂದಳು ಅವಳು. “ಏನೋ ಯೋಚನೇಲಿ ಬಿಗಿದುಬಿಟ್ಟೆ.”

“ನೀನಾ? ನಡೆಯೋಕೆ ಕಲಿತಿದ್ದೇ ಈ ಕಟ್ಟೆ ಮೇಲೆ. ಕಿವಿ ಮೇಲೆ ಹೂವ ಇಡ್ಬೇಡ ನನಗೆ.”

“ಅವರಲ್ಲ ಸರ್, ನಾನು,” ಎಂದ ಮೆಕ್ಯಾನಿಕ್. “ಕೇಳದೇ ಕಟ್ಟಿದೆ.”

ಅವಳು ಅವನ ಮೇಲೆ ಹರಿಹಾಯ್ದಳು. “ಹುಟ್ಟಿದ ಮೇಲೆ ಮೊದಲ ಸಲ ಒಬ್ಬರಿಗೋಸ್ಕರ ಸುಳ್ಳು ಹೇಳಿದ್ದೆ. ಅದನ್ನೂ ಕೆಡಿಸಿದ್ರಲ್ಲಾ!”

“ನಿಮ್ಮ ದೋಣಿ ಹಾಳು ಮಾಡಿದ್ದು ಸಾಲದು ಅಂತ ಹೆಸರೂ ಹಾಳು ಮಾಡ್ಲಾ?”

ದೊಡ್ಡಪ್ಪ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. “ಹೊರಗಿನವರು ಮುಟ್ಟಿದ್ರೆ ಸಂಜೆಯೊಳಗೆ ಜಾಗ ಖಾಲಿ. ಅದರಲ್ಲಿ ನನ್ನ ಅಣ್ಣ ತಮ್ಮ ಅಂತಾನೂ ನೋಡಲ್ಲ. ದೋಣಿ ಯಾರದೋ ಅವರ ಮನೆಯವರೇ ಮುಟ್ಟಿದ್ರೆ ಮಾತ್ರ ಅದು ನಿಮ್ಮನಿಮ್ಮಲ್ಲೇ, ನಾನು ತಲೆ ಹಾಕಲ್ಲ. ಹೇಳಮ್ಮ, ಇವರು ನಿನಗೆ ಏನಾಗಬೇಕು?”

“ಅವರನ್ನೇ ಕೇಳಿ ದೊಡ್ಡಪ್ಪ! ತಿಂಗಳಿಂದ ನಾನೂ ಅದನ್ನೇ ಕಾಯ್ತಾ ಕೂತಿದೀನಿ. ನಮಸ್ಕಾರ ಅಂತಾರೆ, ಹೋಗ್ತಾರೆ. ಹಗ್ಗ ಕಟ್ಟೋಕೆ ಧೈರ್ಯ ಇದೆ, ಬಾಯಿ ಬಿಡೋಕಿಲ್ಲ!” ಅಳು ಬಂದದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಅವನು ಕಟ್ಟೆಯ ಆ ತುದಿಯಿಂದ ಈ ತುದಿಗೆ ಬಂದು ನಿಂತ. ಈ ಸಲ ಕೈ ತೊಳೆದಿರಲಿಲ್ಲ.

“ಈಗ ಕೇಳ್ತೀನಿ ರೀ. ನನ್ನ ಮದುವೆ ಆಗ್ತೀರಾ?”

“ಇಷ್ಟು ಕೇಳೋಕೆ ನನ್ನ ದೋಣಿ ಮುರೀಬೇಕಿತ್ತಾ?”

“ಅದು ಉತ್ತರ ಅಲ್ಲ,” ಎಂದರು ದೊಡ್ಡಪ್ಪ. “ಹೂಂ ಅಂತಿಯೋ ಉಹೂಂ ಅಂತಿಯೋ? ಸಂಜೆ ಆಗ್ತಾ ಬಂತು.”

“ಹೂಂ ಅಂದೆನಲ್ಲ!”

“ಅನ್ಲಿಲ್ಲ,” ಎಂದ ಅವನು.

“ಹೂಂ! ಹೂಂ! ಕೇಳಿಸ್ತಾ?”

ಸಾಲಿನ ದೋಣಿಗಳಿಂದೆಲ್ಲ ತಲೆಗಳು ಹೊರಗೆ ಬಂದವು. ಅವಳು ಯಾರನ್ನೂ ಲೆಕ್ಕಿಸದೆ ಅವನ ಗ್ರೀಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾಗೆ ಹಿಡಿದುಕೊಂಡೇ, ಇನ್ನಷ್ಟು ಬೈದಳು.