ಸಂಜೆವರೆಗಿನ ಗಡುವು

"ನಮ್ಮಣ್ಣ ಕಳ್ಳ ಅಲ್ಲ, ಯಜಮಾನ್ರೇ. ತಾನಾಗೇ ಜೀವ ಕಳಕೊಳ್ಳೋ ಮನುಷ್ಯನೂ ಅಲ್ಲ."

ಶೋಕದ ಕಪ್ಪು ಉಡುಪಿನಲ್ಲಿ ಕಾವಲು ಕೋಣೆಗೆ ಬಂದ ಯೇಸೋಲ್ ಇಷ್ಟು ಹೇಳಿ ಬಾಗಿಲಲ್ಲೇ ನಿಂತಳು. ಕಟ್ಟಡದ ಕಸ ಗುಡಿಸುವ ಮಲ್ಸೂನ್ ಅವಳನ್ನು ಕೂರಿಸಿ ಬಿಸಿ ಬಾರ್ಲಿ ಚಹಾ ಕೊಟ್ಟಳು. ಕಾವಲುಗಾರ ಓಕ್ ಮೂವತ್ತು ವರ್ಷ ಸಿಯೋಲ್ ಪೊಲೀಸಿನಲ್ಲಿ ಪತ್ತೇದಾರನಾಗಿದ್ದು, ನಿವೃತ್ತಿಯ ಮೇಲೆ ಈ ಕಚೇರಿ ಕಟ್ಟಡದ ಗೇಟು ಕಾಯುತ್ತಿದ್ದ. ಬಾಡಿಗೆದಾರರ ಪಾಲಿಗೆ ಅವನು ಹಿಮ ಗುಡಿಸುವ ಮುದುಕ, ಅಷ್ಟೇ. ಅವನು ಬಿಡಿಸಿದ ಮೂರು ಕಗ್ಗಂಟುಗಳನ್ನು ಪಕ್ಕದಲ್ಲೇ ನಿಂತು ನೋಡಿದ್ದ ಮಲ್ಸೂನ್‌ಗೆ ಮಾತ್ರ ಆ ತಲೆಯ ಬೆಲೆ ಗೊತ್ತಿತ್ತು.

ಯೇಸೋಲ್‌ಳ ಅಣ್ಣ ತೇಯುಲ್ ಐದನೇ ಮಹಡಿಯಲ್ಲಿ ಗೆಳೆಯ ಸಾಂಗು ಜೊತೆ ಮೊಬೈಲ್ ಆ್ಯಪ್ ಬರೆಯುತ್ತಿದ್ದ. ದೊಡ್ಡ ಫೋನ್ ಕಂಪನಿಯೊಂದು ಇನ್ನೂ ಬಿಡುಗಡೆಯಾಗದ ತನ್ನ ಆಪರೇಟಿಂಗ್ ಸಿಸ್ಟಂ ಇರುವ ಪರೀಕ್ಷೆಯ ಫೋನನ್ನು ಬೆರಳೆಣಿಕೆಯ ಡೆವಲಪರ್‌ಗಳಿಗೆ ಮೊದಲೇ ಕೊಟ್ಟಿತ್ತು. ಅದು ಸಿಕ್ಕವನ ಆ್ಯಪ್ ಬಿಡುಗಡೆಯ ದಿನವೇ ಸಿದ್ಧ, ಸಿಗದವನು ವರ್ಷ ಹಿಂದೆ. ಕಟ್ಟಡದಲ್ಲಿ ಎಲ್ಲರೂ ಅರ್ಜಿ ಹಾಕಿದ್ದರು, ಸಿಕ್ಕಿದ್ದು ತೇಯುಲ್ ಒಬ್ಬನಿಗೆ. ಬೀಗ ಹಾಕಿದ ಕೋಣೆಯಲ್ಲಿ ತಾನೊಬ್ಬನೇ ಅದನ್ನು ಮುಟ್ಟುವೆನೆಂದು ಅವನು ಕಂಪನಿಗೆ ಬರೆದುಕೊಟ್ಟಿದ್ದ.

ಹೋದ ವಾರ ಆ ಫೋನಿನೊಳಗಿನ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಹರಿದಾಡಿದವು. ಕಂಪನಿ ತೇಯುಲ್‌ನನ್ನೇ ದೂರಿತು. ನಿನ್ನೆ ಬೆಳಿಗ್ಗೆ ಕಟ್ಟಡದ ಹಿಂದಿನ ಅಂಗಳದಲ್ಲಿ, ಹಿಮ ಹೊದ್ದು ಬಿದ್ದಿದ್ದ ಅವನ ಹೆಣ ಮಲ್ಸೂನ್ ಕಣ್ಣಿಗೇ ಬಿತ್ತು. ತಾರಸಿಯಿಂದ ಬಿದ್ದಿದ್ದ. ಪರೀಕ್ಷೆಯ ಫೋನು ಕೋಣೆಯ ಮೇಜಿನ ಮೇಲಿತ್ತು. ಅದರಿಂದ ಹಿಂದಿನ ರಾತ್ರಿ ಎಂಟಕ್ಕೆ ತಂಗಿಗೆ ಸಂದೇಶ ಹೋಗಿತ್ತು: 'ತಪ್ಪು ಮಾಡಿದೆ. ಕ್ಷಮಿಸು.' ಪೊಲೀಸರು ಆತ್ಮಹತ್ಯೆಯೆಂದು ಕೈತೊಳೆದುಕೊಂಡರು.

"ಮೊನ್ನೆ ಮಧ್ಯಾಹ್ನ ಫೋನ್ ಮಾಡಿದ್ದ," ಎಂದಳು ಯೇಸೋಲ್. "ಚಿತ್ರ ಕೊಟ್ಟಿದ್ದು ಯಾರು ಅಂತ ಗೊತ್ತಾಯ್ತು, ಅವನೇ ಬಂದು ಒಪ್ಕೊಳ್ಲಿ, ಸಂಜೆವರೆಗೆ ಕಾಯ್ತೀನಿ ಅಂದ. ಹೆಸರು ಹೇಳ್ಲಿಲ್ಲ. ಪಕ್ಕದ ಆಫೀಸಿನ ದೊಂಗಿಲ್ ಇರಬೇಕು. ಅರ್ಜಿ ಮೂರು ಸಲ ವಾಪಸ್ ಬಂತು ಅಂತ, ಒಂದು ಸಲ ತೋರ್ಸು ಅಂತ ಅಣ್ಣನ ಪ್ರಾಣ ತಿಂತಿದ್ದ. ನಾಳೆ ಬೆಳಿಗ್ಗೆ ದಹನ. ಕಳ್ಳ ಅನ್ನೋ ಹೆಸರಲ್ಲೇ ಅವನನ್ನ ಕಳಿಸ್ಲಾ?"

ಓಕ್ ಮಲ್ಸೂನ್ ಕಡೆ ತಿರುಗಿದ. "ನೆಲ ತೊಳೆದೋರು ನೀವಲ್ವಾ? ಹೆಣದ ಅಡಿ ಹೇಗಿತ್ತು?"

ಮಲ್ಸೂನ್‌ಗೆ ಆ ನೆನಪೇ ಬೇಡವಾಗಿತ್ತು. "ಸುತ್ತ ಮೊಣಕಾಲುದ್ದ ಹಿಮ. ಅವನು ಬಿದ್ದಷ್ಟು ಜಾಗದಲ್ಲಿ ಚೂರೂ ಇರ್ಲಿಲ್ಲ, ಒಣ ಸಿಮೆಂಟು. ರಕ್ತ ಹತ್ಕೊಂಡುಬಿಟ್ಟಿತ್ತು, ಉಜ್ಜಿ ಉಜ್ಜಿ ಕೈ ಬಿದ್ದೋಯ್ತು."

ಓಕ್ ತನ್ನ ಕಾವಲು ಪುಸ್ತಕ ತೆರೆದು ಮೊನ್ನೆಯ ಪುಟದ ಒಂದು ಸಾಲು ಓದಿ ಮುಚ್ಚಿದ. 'ಸಂಜೆ ಆರೂವರೆ, ಹಿಮ ಶುರು, ಕರಗಲೆಂದು ಗೇಟಿಗೆ ಉಪ್ಪು ಹಾಕಿದೆ,' ಎಂದು ಅಲ್ಲಿ ಬರೆದಿತ್ತು.

ದಹನಕ್ಕೆ ಮುಂಚೆ ಜನ ಬಂದು ನಮಸ್ಕರಿಸುವ ಆಸ್ಪತ್ರೆಯ ಶೋಕಭವನಕ್ಕೆ ಓಕ್, ಮಲ್ಸೂನ್ ಇಬ್ಬರೂ ಹೋದರು. ಅಲ್ಲಿ ತೇಯುಲ್‌ನ ಭಾವಚಿತ್ರದ ಪಕ್ಕ ಸಾಂಗು ನಿಂತಿದ್ದ. ಮನೆಯಲ್ಲಿ ಬೇರೆ ಗಂಡಸರಿಲ್ಲವೆಂದು ಅವನೇ ತೋಳಿಗೆ ಶೋಕಪಟ್ಟಿ ಧರಿಸಿ, ಮನೆಯ ಗಂಡುಮಗ ನಿಲ್ಲಬೇಕಾದ ಜಾಗದಲ್ಲಿ ನಿಂತು, ಬಂದವರ ನಮಸ್ಕಾರ ಸ್ವೀಕರಿಸುತ್ತಿದ್ದ. ಅವನ ಕಣ್ಣುಗಳು ಕೆಂಪಗಾಗಿದ್ದವು. ಮಲ್ಸೂನ್‌ಗೆ ಅಯ್ಯೋ ಅನಿಸಿತು.

"ಮೊನ್ನೆ ಸಂಜೆ ಐದಕ್ಕೇ ಮನೆಗೆ ಹೋಗಿಬಿಟ್ಟೆ, ಯಜಮಾನ್ರೇ," ಎಂದ ಸಾಂಗು. "ಇದ್ದಿದ್ರೆ ತಡೀತಿದ್ದೆ. ಆ ಹಾಳು ಫೋನನ್ನ ನಾನು ಒಂದಿನಾನೂ ಮುಟ್ಟಿಲ್ಲ."

ಅಷ್ಟರಲ್ಲಿ ಅವನದೇ ಫೋನು ಜೋರಾಗಿ ಹೊಡೆದುಕೊಂಡಿತು. ಅವನು ತೆರೆಯ ಮೇಲ್ತುದಿಯಿಂದ ಬೆರಳನ್ನು ಓರೆಯಾಗಿ ಎಳೆದ. ನಿಲ್ಲಲಿಲ್ಲ. ಮತ್ತೆ ಎಳೆದ. ಕೊನೆಗೆ ಪಕ್ಕದ ಗುಂಡಿ ಒತ್ತಿದ. ಸಾವಿನ ಮನೆಯಲ್ಲೂ ಇದನ್ನು ಬಿಡಲಾರರಲ್ಲ ಎಂದು ಮಲ್ಸೂನ್ ಗೊಣಗಿದಳು. ಓಕ್ ಹೊರಗೆ ಹೋಗಿ ತನ್ನ ಹಳೇ ಶಿಷ್ಯ, ಇನ್ಸ್‌ಪೆಕ್ಟರ್ ಬಾಂಗ್‌ಗೆ ಕರೆ ಮಾಡಿದ.

ಮಧ್ಯಾಹ್ನ ಶೋಕಭವನದ ಊಟದ ಕೋಣೆಯಲ್ಲಿ, ಬಂದವರಿಗೆಲ್ಲ ಬಡಿಸುವ ಖಾರದ ಮಾಂಸದ ಸಾರಿನ ಬಟ್ಟಲುಗಳ ಮುಂದೆ ಯೇಸೋಲ್, ಸಾಂಗು, ದೊಂಗಿಲ್, ಬಾಂಗ್ ಕೂತಿದ್ದರು. ಬಾಂಗ್ ತಂದಿದ್ದ ಪರೀಕ್ಷೆಯ ಫೋನನ್ನು ಓಕ್ ಮೇಜಿನ ಮೇಲಿಟ್ಟ. ಬಾಂಗ್ ಅದರಲ್ಲಿ ಮೊದಲೇ ಇಟ್ಟಿದ್ದ ಅಲಾರಂ ಕಿವಿ ಸೀಳುವಂತೆ ಹೊಡೆದುಕೊಂಡಿತು.

"ದೊಂಗಿಲ್, ನೋಡಬೇಕು ಅಂತಿದ್ರಲ್ಲ. ಇದನ್ನ ನಿಲ್ಸಿ," ಎಂದ ಓಕ್.

ದೊಂಗಿಲ್ ಪಕ್ಕದ ಗುಂಡಿ ಒತ್ತಿದ, ತೆರೆ ಕುಟ್ಟಿದ, ಆ ಕಡೆ ಈ ಕಡೆ ತೀಡಿದ. ಸದ್ದು ನಿಲ್ಲಲಿಲ್ಲ. ಹೊರಗೆ ನಮಸ್ಕರಿಸುತ್ತಿದ್ದವರು ತಿರುಗಿ ನೋಡಿದರು.

"ಸತ್ತೋನ ಮುಂದೆ ಏನಿದು," ಎಂದು ಸಾಂಗು ಅದನ್ನು ಕಸಿದುಕೊಂಡು ಮೇಲ್ತುದಿಯಿಂದ ಓರೆಯಾಗಿ ಬೆರಳೆಳೆದ. ಫೋನು ತಟ್ಟನೆ ಸುಮ್ಮನಾಯಿತು.

ಮಲ್ಸೂನ್‌ಗೆ ಆಗ ಹೊಳೆಯಿತು. ಬಡಿಸಲು ತಂದಿದ್ದ ಬಟ್ಟಲನ್ನು ಅವಳು ಕೆಳಗಿಟ್ಟಳು.

"ನೆಲದಿಂದ ಶುರು ಮಾಡೋಣ," ಎಂದ ಓಕ್. "ಹಿಮ ಬೀಳೋಕೆ ಶುರುವಾಗಿದ್ದು ಆರೂವರೆಗೆ. ಹೆಣದ ಅಡಿ ಒಣಗಿತ್ತು. ಅಂದ್ರೆ ತೇಯುಲ್ ಅದಕ್ಕೆ ಮುಂಚೆನೇ ಬಿದ್ದಿದ್ದ. ಸತ್ತೋನು ಎಂಟಕ್ಕೆ ಕ್ಷಮೆ ಕೇಳಲ್ಲ. ಯಾರೋ ಅವನನ್ನ ತಳ್ಳಿ, ಆಮೇಲೆ ಈ ಪರೀಕ್ಷೆಯ ಫೋನಿಂದ ಅವನ ಹೆಸರಲ್ಲಿ ಸಂದೇಶ ಕಳಿಸಿದ್ದಾರೆ. ಆ ಫೋನಿನಲ್ಲಿ ಎಲ್ಲಾ ಹೊಸದು. ದಿನಾ ಬಳಸಿದೋನಿಗೇ ಅದು ಬಗ್ಗೋದು. ಸಾಂಗು, ಬೆಳಿಗ್ಗೆ ನಿಮ್ಮ ಹಳೇ ಫೋನನ್ನ ಇದೇ ಥರ ಎಳೆದ್ರಿ. ಅದರಲ್ಲಿ ಹಾಗೆ ಎಳೆದ್ರೆ ಏನೂ ಆಗಲ್ಲ. ಮುಟ್ಟೇ ಇಲ್ಲ ಅಂತ ಬಾಯಿ ಹೇಳ್ತಿತ್ತು, ಬೆರಳು ತಿಂಗಳುಗಟ್ಟಲೆ ಮಾಡಿದ್ದನ್ನೇ ಮಾಡ್ತು."

ಸಾಂಗು ಫೋನನ್ನು ಮೇಜಿನ ಮೇಲಿಟ್ಟ.

"ಬೇರೆ ಕಂಪನಿಯವರು ಕೆಲಸದ ಆಸೆ ತೋರಿಸಿದ್ರು. ನಾಲ್ಕೇ ನಾಲ್ಕು ಚಿತ್ರ ಕೊಟ್ಟೆ," ಎಂದ. "ಐದೂವರೆಗೆ ತೇಯುಲ್ ತಾರಸಿಗೆ ಕರೆದ. ಬೈದಿದ್ರೆ ಆಗ್ತಿತ್ತು. ಬೈಲೇ ಇಲ್ಲ ಅವನು. ನಿನ್ ಜೊತೆ ನಾನೂ ಬರ್ತೀನಿ, ಇಬ್ರೂ ಹೋಗಿ ಹೇಳೋಣ ಬಾ ಅಂತ ಕೈ ಹಿಡ್ಕೊಂಡ. ಆ ಕೈ ಬಿಡಿಸ್ಕೊಂಡು ತಳ್ಳಿಬಿಟ್ಟೆ."

ಬಾಂಗ್ ಅವನನ್ನು ಎಬ್ಬಿಸಿದ. ಯೇಸೋಲ್ ಎದ್ದು ಬಂದು, "ಒಂದ್ನಿಮಿಷ," ಎಂದು ಅವನ ತೋಳಿನ ಶೋಕಪಟ್ಟಿ ಬಿಚ್ಚಿಕೊಂಡಳು. ಗಂಟು ಬಿಗಿಯಾಗಿತ್ತು, ಕಟ್ಟಿದವಳೂ ಅವಳೇ. ಹೆಣ್ಣುಮಕ್ಕಳು ಕಟ್ಟುವ ವಾಡಿಕೆಯಿಲ್ಲದ ಆ ಪಟ್ಟಿಯನ್ನು ತನ್ನ ತೋಳಿಗೆ ಕಟ್ಟಿಕೊಂಡು ಹೋಗಿ, ಅಣ್ಣನ ಭಾವಚಿತ್ರದ ಪಕ್ಕದ ಆ ಖಾಲಿ ಜಾಗದಲ್ಲಿ ನೆಟ್ಟಗೆ ನಿಂತಳು.

ಸಾಲಿನಲ್ಲಿದ್ದವರು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಸೂನ್ ಎಲ್ಲರನ್ನೂ ದಾಟಿ ಮುಂದೆ ಹೋಗಿ, ಅವಳಿಗೆ ಮೊದಲ ನಮಸ್ಕಾರ ಮಾಡಿದಳು.