ಮಾದಮ್ಮ ಬಾಯಿ ಕಟ್ಟಿದ ಕೋವಿ

“ಅದರ ಬಾಯಲ್ಲಿರೋದ್ನ ಮಾತ್ರ ತೆಗೀಬೇಡಿ ಸಾಮಿ. ನಿಮ್ಮ ದಮ್ಮಯ್ಯ.”

ಮುದುಕ ಬೋರಯ್ಯ ಹೀಗೆ ಕೈ ಮುಗಿದಾಗ ಭಾಷ್ಯಂ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಅರಸೀಕೆರೆಯ ರೈಲ್ವೆ ಷೆಡ್ಡಿನಲ್ಲಿ ಇಂಜಿನ್ನುಗಳ ಹೊಟ್ಟೆ ಬಗೆದು ಮತ್ತೆ ಹೊಂದಿಸುವ ಫಿಟ್ಟರು ಅವನು. ಮೈಸೂರಿನಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ದೆವ್ವ ಹಿಡಿಯುವುದಿಲ್ಲ ಎಂಬುದು ಅವನ ಶಾಸ್ತ್ರ. ಓದಿದವನ ಜಂಬಕ್ಕೆ ಮದ್ದುಂಟೆ!

ಐವತ್ತೆಂಟನೆಯ ಇಸವಿ. ಹುಲಿಕೆರೆ ಕಡೆಯ ಗುಡ್ಡದಿಂದ ಇಳಿದ ಚಿರತೆಯೊಂದು ಊರೂರಿನ ಕರುಗಳನ್ನು ಹೊತ್ತೊಯ್ಯುತ್ತಿತ್ತು. ಜಾವಗಲ್ಲಿನ ಪಟೇಲ ದೇವೀರಪ್ಪ ಇಪ್ಪತ್ತು ವರ್ಷದಿಂದ ಅಟ್ಟದಲ್ಲಿ ಬಿದ್ದಿದ್ದ ಅಪ್ಪನ ಕೋವಿಯನ್ನು ಇಳಿಸಿ, ರಿಪೇರಿಗೆಂದು ಭಾಷ್ಯಂನನ್ನು ಕರೆಸಿದ್ದ. ಬೆರಳಿಟ್ಟು ಎಳೆಯುವ ಕುದುರೆಯ ಕೆಳಗಿನ ಲಿವರನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ತಾನಾಗಿ ತೋಟಾ ಏರುವ ಅಮೆರಿಕದ ಕೋವಿ. ಅಂಥದನ್ನು ಭಾಷ್ಯಂ ಚಿತ್ರದಲ್ಲಷ್ಟೇ ನೋಡಿದ್ದ. ಪಡಸಾಲೆಯ ಚಾಪೆಯ ಮೇಲೆ ಅದನ್ನು ಕಂಡೊಡನೆ ಅವನ ಬೆರಳು ತುರಿಸತೊಡಗಿದವು. ನಳಿಗೆಯ ಬಾಯಿ ಮಾತ್ರ ಕರಿಮೇಣದಿಂದ ಮುಚ್ಚಿತ್ತು. ಮೇಣದೊಳಗೆ ಒಂದು ಹಿಡಿ ಕೂದಲು.

“ಇವರಪ್ಪಾರು ಹಂದಿ ಅಂತ ಹೊಡೆದಿದ್ದು ನಮ್ಮಕ್ಕ ಮಾದಮ್ಮನ ಮಗನ್ನ ಸಾಮಿ,” ಎಂದ ಬೋರಯ್ಯ. ಪಟೇಲನ ತೋಟ ಕಾಯುವ ಆಳು. ದನಿ ಏಳುತ್ತಲೇ ಇರಲಿಲ್ಲ. “ಇದ್ದೋನು ಅವನೊಬ್ನೇ. ಅವನ ಕೂದಲೇ ಅದು. ಮೇಣ ಮೆತ್ತಿ, ಮೂರು ಹಿಡಿ ಮಣ್ಣು ತೂರಿ ಅಂದ್ಲು, ನನ್ನ ಮಡಿಲು ಬರಿದು ಮಾಡಿದ ಬಾಯಿ, ತೆರೆದೋನ ಮಡಿಲಿಗೇ ಉಗುಳಲಿ ಅಂತ. ಬಿಚ್ಚಿದೋನು ಎಲ್ಲೇ ನಿಂತು ಹೊಡೀಲಿ, ಮೊದಲ ಮೂರು ಗುಂಡು ಅವನ ಮನೇಗೇ ಹೋಯ್ತವೆ.”

“ಟಿಕೆಟ್ ತಗೊಂಡು ಹೋಗುತ್ತವೋ, ಹಾಗೇ ಹೋಗುತ್ತವೋ?” ಎಂದ ಭಾಷ್ಯಂ.

ದೇವೀರಪ್ಪ ಗಟ್ಟಿಯಾಗಿ ನಕ್ಕ. “ಮುದುಕನ ಮಾತು ಬಿಡಿ ಭಾಷ್ಯಂನೋರೇ. ಆದ್ರೂ ಅದನ್ನ ನೀವೇ ತೆಗೀರಿ. ನಮ್ಮನೇಲಿ ಮೊಮ್ಮಗ ತೊಟ್ಟಿಲಲ್ಲವ್ನೆ, ಹೆಂಗಸರು ಹೆದರ್ಕತಾರೆ.”

“ನಿಮ್ಮನೇಲಿ ಮಕ್ಕಳವ್ರಾ ಸಾಮಿ?” ಎಂದು ಬೋರಯ್ಯ ಕೇಳಿದ.

“ಐದು ತಿಂಗಳ ಮಗಳು. ಆಂಡಾಳ್ ಅಂತ.” ಹೇಳುವಾಗ ಭಾಷ್ಯಂನ ಮುಖ ಅರಳಿತು. ಏಳು ವರ್ಷ ಕಾದು, ಕಂಡ ದೇವರಿಗೆಲ್ಲ ಹೆಂಡತಿ ವೇದವಲ್ಲಿ ಹರಕೆ ಹೊತ್ತು ಪಡೆದ ಕೂಸು ಅದು. ಷೆಡ್ಡಿನಿಂದ ಬಂದವನು ಕೈಯ ಮಸಿಯನ್ನು ಮೂರು ಸಲ ತೊಳೆದು ಆಮೇಲೆಯೇ ಅದನ್ನು ಮುಟ್ಟುತ್ತಿದ್ದ. ಬೋರಯ್ಯ ಮುಖ ತಿರುಗಿಸಿಕೊಂಡ.

ಭಾಷ್ಯಂ ಸಲಾಕೆ ಕಾಯಿಸಿ ನಳಿಗೆಗೆ ತುರುಕಿದ. ಮೇಣ ಕರಗಿ ಕೂದಲಿನ ಉಂಡೆ ಹೊರಬಿತ್ತು. ಅದನ್ನು ಒಲೆಯ ಕೆಂಡಕ್ಕೆಸೆದ. ಸುಟ್ಟ ಕೂದಲಿನ ಕಮಟು ಪಡಸಾಲೆಯನ್ನೆಲ್ಲ ತುಂಬಿತು. ಒಳಗೆ ಯಾರೋ ಹೆಂಗಸು ಓಕರಿಸಿದ ಸದ್ದು ಕೇಳಿಸಿತು.

ನಾಲ್ಕು ಭಾನುವಾರ ಅವನು ಬಸ್ಸಿನಲ್ಲಿ ಬಂದು ಕೂತು ಕೆಲಸ ಮಾಡಿದ. ಸೀಮೆಎಣ್ಣೆಯಲ್ಲಿ ನೆನೆಹಾಕಿ ತುಕ್ಕು ಬಿಡಿಸಿದ. ಮುರಿದ ಸ್ಪ್ರಿಂಗಿನ ಬದಲು ಹಳೆಯ ಗಡಿಯಾರದ ಸ್ಪ್ರಿಂಗನ್ನು ಕಾಯಿಸಿ ಬಗ್ಗಿಸಿ ಕೂರಿಸಿದ. ಗೆದ್ದಲು ತಿಂದ ಮರದ ಹಿಡಿಯನ್ನು ಬಿಸಾಡಿ ಹೊನ್ನೆಮರದಲ್ಲಿ ಹೊಸದು ಕೆತ್ತಿ, ಅಗಸೆಎಣ್ಣೆ ತಿಕ್ಕಿದ. ಲಿವರು ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ಆಡಿತು. ಇಷ್ಟು ದಿನವೂ ದೇವೀರಪ್ಪ ಎದುರಿಗೆ ಕೂತು ನೋಡಿದನೇ ಹೊರತು ಕೋವಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಮರ್ಯಾದಸ್ಥ, ಕೆಲಸಗಾರನ ಕೈಗೆ ಅಡ್ಡ ಬರುವುದಿಲ್ಲ ಎಂದುಕೊಂಡ ಭಾಷ್ಯಂ. ಪಾಪ!

ಐದನೆಯ ಭಾನುವಾರ ಗುರಿ ಕೂಡಿಸುವ ಕೆಲಸ. ಒಣಗಿದ ಕೆರೆಯಂಗಳ. ಎಂಬತ್ತು ಹೆಜ್ಜೆಯಾಚೆ, ಏರಿಯ ಬುಡದಲ್ಲಿ, ಕಲ್ಲಿನ ಮೇಲೊಂದು ಮಡಕೆ. ಬಿಸಿಲು ಪಡುವಣಕ್ಕೆ ಇಳಿಯುತ್ತಿತ್ತು. ಭಾಷ್ಯಂ ಕೋವಿಯನ್ನು ಮರಳಿನ ಚೀಲದ ಮೇಲೆ ಊರಿ, ಉಸಿರು ಹಿಡಿದು ಕುದುರೆ ಎಳೆದ.

ಢಂ!

ಮಡಕೆ ಅಲುಗಲಿಲ್ಲ. ಏರಿಯಲ್ಲಿ ಧೂಳೂ ಏಳಲಿಲ್ಲ. ಮದ್ದಿನ ವಾಸನೆ ಬರಬೇಕಿದ್ದಲ್ಲಿ ಸುಟ್ಟ ಕೂದಲಿನ ಕಮಟು ಬಂತು.

“ಮೇಲೆ ಹಾರಿದೆ,” ಎಂದು ಭಾಷ್ಯಂ ಗುರಿ ನೋಡುವ ಹಿಂದಿನ ಸೈಟನ್ನು ಒಂದು ಮೆಟ್ಟಿಲು ಇಳಿಸಿದ. ಎಲ್ಲವನ್ನೂ ಒರೆಸಿ, ನೋಡಿ, ನಿಧಾನವಾಗಿ ಎರಡನೆಯದನ್ನು ಹಾರಿಸಿದ. ಮತ್ತೆ ಅದೇ. ಗುಬ್ಬಿ ಕೂತರೂ ಧೂಳೇಳುವ ಒಣ ಏರಿ ಸುಮ್ಮನೆ ಮಲಗಿತ್ತು.

“ಗುಂಡು ಎಲ್ಲೋಯ್ತು ಸಾಮಿ?” ಬೋರಯ್ಯ ಏರಿಯತ್ತ ಕೈ ತೋರಿದ. “ಮಡಕೇಗೂ ಬೀಳಲಿಲ್ಲ, ಮಣ್ಣಿಗೂ ಬೀಳಲಿಲ್ಲ. ಎಲ್ಲೋಯ್ತು?”

ಭಾಷ್ಯಂ ಒಂದು ಗಳಿಗೆ ಕೋವಿಯನ್ನು ಕೆಳಗಿಟ್ಟ. ಆದರೆ ಪಟೇಲ ನೋಡುತ್ತಿದ್ದ. “ಬಲಕ್ಕೆ ಎಳೆಯುತ್ತಿದೆ, ಅಷ್ಟೆ,” ಎಂದು ತಾಮ್ರದ ಕಡ್ಡಿ ಇಟ್ಟು, ಸುತ್ತಿಗೆಯಿಂದ ಸೈಟಿಗೆ ಎಡಕ್ಕೊಂದು ಪೆಟ್ಟು ಹೊಡೆದ. ಬೋರಯ್ಯ ಓಡಿಬಂದು ಅವನ ಮಣಿಕಟ್ಟು ಹಿಡಿದ.

“ಸಾಕು ಸಾಮಿ. ಕೂಸೈತೆ ನಿಮ್ಗೆ.”

“ಬಿಡಯ್ಯ ಕೈನ!” ಭಾಷ್ಯಂ ಕೊಡವಿದ. “ನಿನ್ನ ಹೆಸರಿಗೆ ಇನ್ನೊಂದು, ತಗೋ.” ಎಡಕ್ಕೆ ಇನ್ನೊಂದು ಪೆಟ್ಟು. ಲಿವರು ಎಳೆದ. ಕುದುರೆ ಎಳೆದ. ಢಂ!

ಏನೂ ಇಲ್ಲ. ಧೂಳಿಲ್ಲ. ಕಾಗೆಯಿಲ್ಲ. ಗಾಳಿಯೂ ಇಲ್ಲ. ಕಮಟು ಮಾತ್ರ ಗಂಟಲಿಗಿಳಿಯಿತು. ಬೋರಯ್ಯ ನೆಲಕ್ಕೆ ಕುಸಿದು ತಲೆ ಹಿಡಿದುಕೊಂಡ.

ಆಗ ದೇವೀರಪ್ಪ ಎದ್ದ. ಚಪ್ಪಲಿ ಕಳಚಿಟ್ಟು, ಎರಡೂ ಕೈ ನೀಡಿ ಕೋವಿಯನ್ನು ಮೊದಲ ಸಲ ಇಸಿದುಕೊಂಡು ಹಾರಿಸಿದ. ಮಡಕೆ ಚೂರುಚೂರಾಯಿತು. ಏರಿಯಲ್ಲಿ ಕೆಂಪು ಧೂಳೆದ್ದಿತು.

“ಇನ್ನು ಇದು ನಮ್ದು,” ಎಂದ ದೇವೀರಪ್ಪ. ಭಾಷ್ಯಂನ ಮುಖ ನೋಡದೆ ಇನ್ನೊಬ್ಬ ಆಳನ್ನು ಕರೆದು, ಅವನಿಗೊಂದು ಗೊನೆ ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸಲು ಹೇಳಿದ.

ಬಸ್ಸು ಅರಸೀಕೆರೆ ಮುಟ್ಟಿದಾಗ ದೀಪ ಹೊತ್ತಿಸುವ ಹೊತ್ತು. ಕ್ವಾರ್ಟರ್ಸ್ ಮುಂದೆ ಜನ. ದಾರಿ ಬಿಟ್ಟರು. ಹೊಸಿಲಲ್ಲೇ ವಾಸನೆ. ಸುಟ್ಟ ಕೂದಲು. ಗೊನೆ ಕೈಜಾರಿತು. ಒಳಗೆ ಕತ್ತಲು. ಒಡೆದ ಹೆಂಚು. ಗೋಡೆಯಲ್ಲಿ ಬೆರಳು ತೂರುವಷ್ಟು ತೂತು. ಎಡಮೂಲೆಯಲ್ಲಿ ತೊಟ್ಟಿಲು. ತೊಟ್ಟಿಲಿಂದ ಇನ್ನೂ ಹನಿ ಬೀಳುತ್ತಿತ್ತು.

ವೇದವಲ್ಲಿ ಅತ್ತು ಮುಗಿಸಿದ್ದಳು. “ಮೊದಲು ಹೆಂಚು ಒಡೀತು. ಕೋತಿ ಅಂದ್ಕೊಂಡೆ. ಆಮೇಲೆ ತೊಟ್ಟಿಲ ಪಕ್ಕ ಬಲಗಡೆ ಗೋಡೆ ಸಿಡೀತು. ಯಾರೂ ಇಲ್ಲ, ಸದ್ದೂ ಇಲ್ಲ. ಹೆದರಿ ತೊಟ್ಟಿಲನ್ನ ಎಡಮೂಲೆಗೆ ಎಳೆದೆ. ನಾನೇ ಎಳೆದೆ ಕಣ್ರೀ. ಇದ್ದಲ್ಲೇ ಬಿಟ್ಟಿದ್ರೆ ಕೂಸು ಉಳೀತಿತ್ತು. ನನ್ನ ಕೈಯಾರೆ ಕೊಂದೆ.”

ಸೈಟಿಗೆ ಎಡಕ್ಕೆ ಒಂದೇ ಪೆಟ್ಟು ಹೊಡೆದು ನಿಲ್ಲಿಸಿದ್ದರೆ ಮೂರನೆಯ ಗುಂಡು ತೊಟ್ಟಿಲು ಮೊದಲಿದ್ದ ಖಾಲಿ ಜಾಗಕ್ಕೆ ಬೀಳುತ್ತಿತ್ತು. ಭಾಷ್ಯಂಗೆ ಅದು ನಿಂತಲ್ಲೇ ಅರ್ಥವಾಯಿತು. ಲೆಕ್ಕ ಗೊತ್ತಿದ್ದ ಮನುಷ್ಯ ತಾನೆ! ಬಾಯಿ ತೆರೆದ. ನೆರೆಹೊರೆಯವರು ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು.

“ಕೊರಗಬೇಡ ವೇದಾ,” ಎಂದ. “ನಿನಗೇನು ಗೊತ್ತಿತ್ತು?”

ಆ ಮಾತಿಗೆ ಅವಳು ಬಿಕ್ಕಿ, ಅವನ ಎರಡೂ ಪಾದ ಹಿಡಿದು, ಎಲ್ಲರೆದುರು ಕ್ಷಮೆ ಕೇಳಿದಳು. ಅವನು ಕ್ಷಮಿಸಿದ.