ತಗಡಿನ ಚೂರು

ಗುರುವಾರ ಬೆಳಗ್ಗೆ ಠಾಣೆಗೆ ಬಂದ ಗ್ಯಾರೇಜ್ ಮಾಲೀಕನ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟರು. ಕಳುವಾದ ವಸ್ತುವನ್ನು ಆತ ಕೈಯಲ್ಲೇ ಹಿಡಿದು ಬಂದಿದ್ದ.

“ಕಳುವಾಗಿದ್ದು ಏನ್ರೀ?”

“ಈ ಪಟ್ಟಿ ಸಾರ್.”

“ಕೈಯಲ್ಲೇ ಇದೆಯಲ್ಲ?”

“ಇದು ನನ್ನದಲ್ಲ ಸಾರ್. ನನ್ನದನ್ನ ಎತ್ಕೊಂಡು ಹೋಗಿ ಇದನ್ನ ಇಟ್ಟಿದಾರೆ.”

“ಹಳೇದು ಒಯ್ದು ಹೊಸದು ಇಡೋ ಕಳ್ಳ ಸಿಕ್ಕಿದ್ರೆ ನಮ್ಮನೆಗೂ ಸ್ವಲ್ಪ ಕಳಿಸ್ರಿ.”

ಮಾಲೀಕ ನಗಲಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಅವನನ್ನು ಒಳಗೆ ಕರೆದು ಕೂರಿಸಿದರು.

ವಿಷಯ ಹೀಗಿತ್ತು. ಎಂಜಿನ್ನಿನ ನೆತ್ತಿಯ ಮೇಲೆ ಅದರ ಕವಾಟಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್ ಇರುತ್ತವೆ. ಅವನ್ನು ತಿರುಗಿಸುವ ಬೆಲ್ಟ್ ಬದಲಿಸುವಾಗ ಎರಡೂ ಕೂದಲೆಳೆಯಷ್ಟೂ ತಿರುಗಬಾರದು. ಅದಕ್ಕೆ ಅವುಗಳ ತುದಿಯ ಸೀಳಿನಲ್ಲಿ ಒಂದು ಉಕ್ಕಿನ ಪಟ್ಟಿ ಕೂರಿಸಿ ಹಿಡಿದಿಡಬೇಕು. ಕಂಪನಿಯ ಪಟ್ಟಿ ಸಿಗದ ಕಾಲದಲ್ಲಿ ಮಾಲೀಕನ ಅಪ್ಪ ಅರದಿಂದ ಉಜ್ಜಿ ಉಜ್ಜಿ ಒಂದನ್ನು ಮಾಡಿದ್ದ. ಅದು ಒಂದು ಪಕ್ಕ ತಗ್ಗು. ಅದಕ್ಕೇ ಮಾಲೀಕ ಆ ಪಕ್ಕದ ಅಡಿಗೆ ಸದಾ ಒಂದು ತಗಡಿನ ಚೂರು ಸಿಕ್ಕಿಸಿ ಮಟ್ಟ ಮಾಡುತ್ತಿದ್ದ. ಈ ಹೊಸ ಪಟ್ಟಿಯೋ ಹುಟ್ಟಾ ಮಟ್ಟವಾಗಿತ್ತು. ಅದರಡಿಗೂ ಚೂರು ಹಾಕಿದಾಗ ಪಟ್ಟಿ ವಾರೆಯಾಯಿತು, ಶಾಫ್ಟುಗಳು ತಿರುಗಿದವು. ಹಾಗೆ ರಿಪೇರಿಯಾದ ಶಾಲೆಯ ವ್ಯಾನು ಮಕ್ಕಳನ್ನು ಹೊತ್ತು ಏರಿನಲ್ಲಿ ಉಸಿರುಕಟ್ಟಿ ನಿಂತು ಹಿಂದಕ್ಕೆ ಜಾರಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ವ್ಯಾನನ್ನು ಎಳೆತಂದು ಮತ್ತೆ ಬಿಚ್ಚಿದಾಗಲೇ ಪಟ್ಟಿ ಬದಲಾಗಿದೆಯೆಂದು ಮಾಲೀಕನಿಗೆ ಗೊತ್ತಾದದ್ದು.

“ವ್ಯಾನು ಓಡಿಸೋ ಅಕ್ಕ ಎಲ್ಲರೆದುರು ನನ್ನ ಕೈ ಕೆಟ್ಟಿದೆ ಅಂದ್ರು ಮೇಡಂ. ನಿನ್ನೆಯಿಂದ ಬೇರೆ ಒಂದು ಗಾಡಿ ಒಳಗೆ ಬಂದಿಲ್ಲ. ನನ್ನ ಕೈ ತಪ್ಪಲ್ಲ ಅಂತ ಒಂದು ಮಾತು ಎಲ್ಲಾದ್ರೂ ಬರಹದಲ್ಲಿ ಇರಬೇಕು.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಗ್ಯಾರೇಜಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಮುಂದಿನ ಬೀಗ ಒಡೆದಿರಲಿಲ್ಲ, ಹೊಸ ಬ್ಯಾಟರಿಗಳು ಸಾಲಾಗಿ ಹಾಗೇ ಇದ್ದವು. ಹಿಂಬಾಗಿಲ ಚಿಲಕವೂ ನೆಟ್ಟಗಿತ್ತು. ಇನ್‌ಸ್ಪೆಕ್ಟರ್ ಹೊರಗಿನಿಂದ ಎಷ್ಟು ತಳ್ಳಿದರೂ ಬಾಗಿಲು ಜಗ್ಗಲಿಲ್ಲ.

“ತಳ್ಳಬಾರದು ಮೇಡಂ, ಎತ್ತಬೇಕು,” ಎಂದು ಮಾಲೀಕ ಬಾಗಿಲನ್ನು ತುಸು ಎತ್ತಿದ. ಚಿಲಕ ತಾನಾಗಿ ಜಾರಿತು.

“ಇದು ಯಾರ್‍ಯಾರಿಗೆ ಗೊತ್ತು?”

“ಮನೆಯವರಿಗೆ ಮಾತ್ರ.”

ಇನ್‌ಸ್ಪೆಕ್ಟರ್ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಹಳೆಯದರಂತೆ ಕಾಣಲೆಂದು ಮಸಿ ಎಣ್ಣೆ ಬಳಿದಿತ್ತು. ಮೂಲೆಯಲ್ಲಿ ಉಳಿ ಹೊಡೆದ ಎರಡು ಚುಕ್ಕಿ.

“ಈ ಚುಕ್ಕಿ ಯಾಕೆ?”

“ಅಪ್ಪನ ಪಟ್ಟೀಲೂ ಇತ್ತು. ಒಂದು ನನಗೆ ಅಂತ, ಇನ್ನೊಂದು...”

“ಇನ್ನೊಂದು?”

“ತಮ್ಮ ಒಬ್ಬ ಇದಾನೆ ಮೇಡಂ. ಅಪ್ಪ ತೀರಿಕೊಂಡ ಮೇಲೆ ಮಾತಿಲ್ಲ, ಕತೆಯಿಲ್ಲ.”

ಕೆಲಸಕ್ಕೆ ಬೇಕಾದದ್ದು ಪಟ್ಟಿಯ ಅಳತೆ. ಚುಕ್ಕಿಗಳಿಂದ ಯಾವ ಎಂಜಿನ್ನಿಗೂ ಉಪಯೋಗವಿಲ್ಲ. ಅವನ್ನೂ ಬಿಡದೆ ಹೊಡೆದವನು ಯಾರೆಂದು ಇನ್‌ಸ್ಪೆಕ್ಟರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ ತಮ್ಮನ ಲೇತ್ ಶಾಪು. ಪಂಪಿನ ಶಾಫ್ಟು ಕಡೆಯುತ್ತಿದ್ದವನು ಸಮವಸ್ತ್ರ ಕಂಡದ್ದೇ ಮಷೀನು ನಿಲ್ಲಿಸಿದ. ಅಪ್ಪನ ಪಟ್ಟಿ ಅವನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು, ಒರೆಸಿ ಫಳಫಳ ಹೊಳೆಯುತ್ತಿತ್ತು.

“ಯಾವಾಗ ತಂದ್ರಿ?”

“ಭಾನುವಾರ ಬೆಳಗ್ಗೆ. ಗ್ಯಾರೇಜು ರಜೆ. ಸಾಯಂಕಾಲದೊಳಗೆ ಹೊಸದು ಮಾಡಿ ಇಟ್ಟು ಬಂದೆ.”

“ನೀವು ಎಂಜಿನ್ ಬಿಚ್ತೀರಾ?”

“ಬಿಟ್ಟು ಎಷ್ಟೋ ಕಾಲ ಆಯ್ತು.”

“ಮತ್ತೆ ಇದು ಯಾಕೆ?”

ಅವನು ಕೈಗೆ ಅಂಟಿದ ಕಬ್ಬಿಣದ ಪುಡಿ ಒರೆಸಿಕೊಂಡ. “ಅಪ್ಪನ ಕೈಯ ಕೆಲಸ ನನ್ನ ಹತ್ರ ಒಂದೂ ಇಲ್ಲ ಮೇಡಂ. ಎಲ್ಲ ಅಲ್ಲೇ ಉಳೀತು. ಕೇಳಿದ್ರೆ ಅಣ್ಣ ಕೊಡಲ್ಲ, ಕೇಳೋಕೆ ನಂಗೂ ಬಾಯಿ ಬರಲ್ಲ. ಅವನ ಕೆಲಸ ನಿಲ್ಲಬಾರದು ಅಂತ ಅದಕ್ಕಿಂತ ಒಳ್ಳೇದೇ ಮಾಡಿಟ್ಟೆ. ತಗ್ಗನ್ನೂ ಸರಿ ಮಾಡ್ದೆ.”

ವ್ಯಾನಿನ ಸುದ್ದಿ ಕೇಳಿ ಅವನು “ಮಕ್ಕಳಿದ್ರಾ?” ಎಂದು ಮೂರು ಸಲ ಕೇಳಿದ. ಪಟ್ಟಿಯನ್ನು ಜಪ್ತಿ ಮಾಡಿ, ಅವನನ್ನು ಬಂಧಿಸಿ ಜೀಪಿನಲ್ಲಿ ಕರೆತಂದರು.

ಪಟ್ಟಿ ಗುರುತಿಸಲು ಅಣ್ಣನನ್ನು ಠಾಣೆಗೆ ಕರೆಸಿದ್ದರು. ಮೇಜಿನ ಮೇಲೆ ಎರಡು ಪಟ್ಟಿಗಳು, ನಡುವೆ ಅಣ್ಣ ತಂದ ತಗಡಿನ ಚೂರು. ಎದುರುಬದುರು ನಿಂತ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಮ್ಮ ಚೂರನ್ನು ದಿಟ್ಟಿಸಿದ.

“ಇದೇನಿದು?”

“ತಗ್ಗಿನ ಕಡೆ ಹಾಕೋದು.”

“ಅಪ್ಪನ ಕಾಲದಲ್ಲಿ ಇದು ಇರಲೇ ಇಲ್ವಲ್ಲೋ ಅಣ್ಣ. ಆ ಕಡೆ ನಾನೇ ಬೆರಳು ಕೊಟ್ಟು ಎತ್ತಿ ಹಿಡೀತಿದ್ದೆ.”

“ಹೂಂ. ನೀನು ಹೋದ ಮೇಲೆ ಹಿಡಿಯೋರು ಯಾರಿದ್ರು?”

ತಮ್ಮ ಅತ್ತುಬಿಟ್ಟ. ಅಣ್ಣ ಅವನ ಕಡೆ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತ.

ದೋಷ ಮಾಲೀಕನ ಕೈಯದಲ್ಲ, ಬದಲಾದ ಪಟ್ಟಿಯದು ಎಂಬ ವಾಕ್ಯವನ್ನು ಇನ್‌ಸ್ಪೆಕ್ಟರ್ ವರದಿಯಲ್ಲಿ ತಾವೇ ಬರೆದರು. ಪ್ರಕರಣ ಕೋರ್ಟಿಗೆ ಹೋಗಲೇಬೇಕಿತ್ತು, ಹೋಯಿತು. ಜಾಮೀನಿಗೆ ಸಹಿ ಹಾಕಲು ಯಾರಿದ್ದಾರೆ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದಾಗ ದೂರುದಾರನೇ ಪೆನ್ನಿಗೆ ಕೈ ಚಾಚಿದ.

“ವ್ಯಾನು ಇನ್ನೂ ಬಿಚ್ಚಿದ ಹಾಗೇ ಇದೆ,” ಎಂದ ಅವನು, ತಮ್ಮನ ಕಡೆ ನೋಡದೆ. “ಪಟ್ಟಿ ಎರಡೂ ಇವರ ಹತ್ರ ಉಳೀತು. ಇನ್ನೊಂದು ಮಾಡ್ಬೇಕು. ಬರ್ತೀಯಾ?”